ಹೆಮ್ಮಿಗೆಯ ಕರೀ ಕಾಫಿ

ತೊಂಬತ್ತರ ದಶಕದ ಕೊನೆಗೆ ನಾನು ತಿ. ನರಸೀಪುರದ ಕಾಲೇಜೊಂದರಲ್ಲಿ ಕನ್ನಡ ಪಾಠ ಮಾಡುತ್ತಿದ್ದೆ. ನಂಜನಗೂಡಿನಿಂದ ಬಸ್ಸಿನಲ್ಲಿ ಓಡಾಟ. ವಯಸ್ಸು ಇಪ್ಪತ್ತಾರು, ಜಂಬ ಅದರ ಎರಡರಷ್ಟು.

ಪಠ್ಯದಲ್ಲೊಂದು ಹಳೆಯ ಸಣ್ಣಕಥೆಯಿತ್ತು. ಅದರಲ್ಲಿನ ವ್ಯಂಗ್ಯದ ಬಗೆಗಳನ್ನು ವಿವರಿಸುವುದೆಂದರೆ ನನಗೆ ಹಬ್ಬ. ಆಡುವುದೊಂದು, ಅರ್ಥ ಇನ್ನೊಂದಾದರೆ ಅದು ಮಾತಿನ ವ್ಯಂಗ್ಯ. ಆಗಬೇಕಾದದ್ದಕ್ಕೆ ತದ್ವಿರುದ್ಧವಾದದ್ದು ಆದರೆ ಸನ್ನಿವೇಶದ ವ್ಯಂಗ್ಯ. ಇದಕ್ಕೊಂದು ಉದಾಹರಣೆ ಬೇಕಿತ್ತು. ಹಿಂದಿನ ಭಾನುವಾರ ಹತ್ತಿರದ ಹಳ್ಳಿ ಹೆಮ್ಮಿಗೆಯ ವಿದ್ಯಾರ್ಥಿನಿಯೊಬ್ಬಳು ಮನೆಗೆ ಕರೆದಿದ್ದಳು, ಹೋಗಿಬಂದಿದ್ದೆ. ಅದೇ ನಾಲಿಗೆಗೆ ಬಂತು.

“ಒಂದು ಮನೆ. ಕೊಟ್ಟಿಗೇಲಿ ಮೂರು ಸೀಮೆಹಸು. ಎರಡು ಹೊತ್ತೂ ಡೈರಿಗೆ ಹಾಲು ಹಾಕ್ತಾರೆ. ಬಂದ ಮೇಷ್ಟ್ರಿಗೆ ಮಾತ್ರ ಕರೀ ಕಾಫಿ. ಇದೇ ಕಣ್ರಪ್ಪಾ ಸನ್ನಿವೇಶದ ವ್ಯಂಗ್ಯ” ಎಂದೆ.

ಯಾರೂ ನಗಲಿಲ್ಲ. ನಾನೊಬ್ಬನೇ ನಕ್ಕೆ. ಎರಡನೇ ಬೆಂಚಿನಲ್ಲಿದ್ದ ಅವಳು ತಲೆ ತಗ್ಗಿಸಿದಳು. ಮಾರನೆಯ ದಿನ ಕಾಲೇಜಿಗೆ ಬರಲಿಲ್ಲ. ಆಮೇಲೂ ನಾಲ್ಕು ದಿನ ಬರಲಿಲ್ಲ.

ಕೊನೆಗೆ ಅವಳ ಗೆಳತಿಯೊಬ್ಬಳು ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತು ಹೇಳಿದಳು: “ವರ್ಸದ ಮೊದ್ಲಲ್ಲಿ ನೀವೇ ಏಳಿದ್ರಲ್ಲ ಸಾ, ಆಲು ಆಕಿದ್ ಕಾಫಿ ನಂಗೆ ಸೇರಲ್ಲ, ಬರೀ ಡಿಕಾಕ್ಷನ್ನೇ ಕುಡಿಯೋದು ಅಂತ. ಅದ್ಕೇ ಅವ್ಳು ಅಂಗ್ ಮಾಡ್ಸಿದ್ದು. ಅವ್ರವ್ವ ಒಪ್ಪೇ ಇರ್ನಿಲ್ಲ. ಇಡೀ ಕ್ಲಾಸಿಗೇ ಗೊತ್ತು ಸಾ.”

ಹೇಳಿದ್ದೆ, ನಿಜ. ದೊಡ್ಡ ಪಟ್ಟಣದವನಂತೆ ಕಾಣಲು ಕೊಚ್ಚಿಕೊಂಡ ಬಡಾಯಿ ಅದು. ದಿನವೂ ಬಸ್ ಸ್ಟ್ಯಾಂಡಿನ ಹೋಟೆಲಿನಲ್ಲಿ ಹಾಲು ಜಾಸ್ತಿ ಹಾಕಿಸಿಕೊಂಡು ಕುಡಿಯುತ್ತಿದ್ದವನು ನಾನು. ಹೇಳಿದ್ದನ್ನು ನಾನು ಮರೆತಿದ್ದೆ, ಅವರು ಮರೆತಿರಲಿಲ್ಲ. ವ್ಯಂಗ್ಯದಲ್ಲಿ ಮೂರನೆಯ ಬಗೆಯೊಂದಿದೆ, ಓದುವವರಿಗೆಲ್ಲ ಗೊತ್ತಿದ್ದು ಪಾತ್ರಕ್ಕೆ ಮಾತ್ರ ಗೊತ್ತಿಲ್ಲದ್ದು. ಅದನ್ನು ನಾನಿನ್ನೂ ಪಾಠ ಮಾಡಿರಲಿಲ್ಲ. ಹಸು ಕಟ್ಟಿದ ಮನೆಯಲ್ಲಿ ಬಂದವರಿಗೆ ಹಾಲಿಲ್ಲದ ಕಾಫಿ ಕೊಡುವುದು ಆ ಕಡೆ ಮರ್ಯಾದೆಗೇಡು. ನನ್ನ ಇಷ್ಟ ಎಂದು ಆ ತಾಯಿ ಅದನ್ನೂ ಮಾಡಿದ್ದರು. ನಾಚಿಕೆಯಿಂದ ಭೂಮಿಗಿಳಿದು ಹೋದೆ. ನನ್ನ ಮಾತಿನಿಂದ ಹುಡುಗಿ ಓದನ್ನೇ ಬಿಟ್ಟರೆ ಎಂಬ ಭಯ ಬೇರೆ.

ಅಂದೇ ಸಂಜೆ ಹೆಮ್ಮಿಗೆಗೆ ಹೋದೆ. ತಪ್ಪಾಯಿತು ಎನ್ನಬೇಕು, ಸುಳ್ಳು ಹೇಳಿದ್ದನ್ನೂ ಒಪ್ಪಿಕೊಳ್ಳಬೇಕು ಎಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡಿದ್ದೆ. ಜಗಲಿಯ ಮೇಲೆ ಕೂತು ಬಾಯಿ ತೆರೆಯುವಷ್ಟರಲ್ಲಿ ಅವಳ ತಾಯಿ ದೊಡ್ಡ ಲೋಟದ ತುಂಬ ಗಟ್ಟಿ ಹಾಲಿನ ಕಾಫಿ ತಂದಿಟ್ಟರು.

“ತಪ್ಪಾಯ್ತು ಸಾ” ಎಂದರು ಅವರೇ. “ಇವ್ಳ ಮಾತ್ ಕೇಳ್ಕಂಡು ಅವತ್ತು ಅಂಗೇ ಕೊಟ್ಬುಟ್ಟೆ. ನೀವು ಬೇಜಾರ್ ಮಾಡ್ಕಂಡ್ರಂತೆ. ಇವ್ಳೂ ನಾಚ್ಕಂಡು ಮನೇಲೇ ಕುಂತವ್ಳೆ. ನಾಳಿಂದ ಕಳುಸ್ತೀನಿ, ಮನ್ಸಿಗೆ ಆಕ್ಕಬೇಡಿ.”

ಬಾಗಿಲ ಮರೆಯಲ್ಲಿ ಅವಳು ನಿಂತಿದ್ದಳು, ನಾನೇನು ಹೇಳುತ್ತೇನೋ ಎಂದು ಕಾಯುತ್ತ.

“ಪರವಾಗಿಲ್ಲ ಬಿಡಿ ತಾಯಿ” ಎಂದು, ಅವರನ್ನು ಕ್ಷಮಿಸಿದವನ ಹಾಗೆ ಲೋಟ ಎತ್ತಿಕೊಂಡು ತಳದವರೆಗೂ ಕುಡಿದೆ.