ಹಿಂದಕ್ಕೆ ಜಾರಿದ ಚೆಂಡು

ಧಡ್!

ಆವಿ ಪ್ರೆಸ್ಸಿನ ಮುಚ್ಚಳ ಬಿದ್ದ ಸದ್ದು ಅದು. ಲಾಂಡ್ರಿಯ ಇಸ್ತ್ರಿ ಕೋಣೆಯಲ್ಲಿ ದಿನವಿಡೀ ಕೇಳುವ ಸದ್ದು. ಉಳಿದವರಿಗೆ ಅದು ಕಿವಿಗೇ ಬೀಳುವುದಿಲ್ಲ. ಚಿಕ್ಕಮ್ಮ ಮಾತ್ರ ಪ್ರತಿ ಸಲವೂ ಬೆಚ್ಚಿ ಹಿಂದಿರುಗಿ ನೋಡುತ್ತಾಳೆ. ಯಾರಿಗೂ ಏನೂ ಆಗಿಲ್ಲವೆಂದು ಖಾತ್ರಿಯಾದ ಮೇಲೆಯೇ ಕೈಯಲ್ಲಿದ್ದ ಹಾಸಿಗೆ ಬಟ್ಟೆಯ ಮಡಿಕೆ ಮುಂದುವರಿಯುವುದು.

"ಏನ್ ಚಿಕ್ಕಮ್ಮ, ಹಿಂದೆ ಹುಲಿ ಬಂತಾ?" ಎಂದು ಯಾರೋ ಕೇಳಿದರೆ, "ಹುಲಿ ಆಗಿದ್ರೆ ಓಡಿಹೋಗ್ತಿದ್ದೆ" ಎನ್ನುತ್ತಾಳೆ. ನಗುತ್ತಲೇ ಎನ್ನುತ್ತಾಳೆ. ಆದರೆ ಆ ನಗು ಕಣ್ಣಿನವರೆಗೆ ಏರುವುದಿಲ್ಲ.

ಅವಳ ಅಕ್ಕನೂ ಅದೇ ಲಾಂಡ್ರಿಯಲ್ಲಿ ಮೇಲ್ವಿಚಾರಕಿ. ಅಕ್ಕ ಎಲ್ಲರಿಗೂ ದೊಡ್ಡಮ್ಮ, ಆದ್ದರಿಂದ ಇವಳು ಎಲ್ಲರಿಗೂ ಚಿಕ್ಕಮ್ಮ. ಮಾರುಕಟ್ಟೆ ಬೀದಿಯ ಕೊನೆಯಲ್ಲಿರುವ ಬೌಲಿಂಗ್ ಹಾಲ್‌ನಲ್ಲಿ ಲಾಂಡ್ರಿಯವರದೇ ಒಂದು ತಂಡವಿದೆ. ಅದನ್ನು ಕಟ್ಟಿದವಳೂ ದೊಡ್ಡಮ್ಮನೇ. ಕೆಲಸ ಬಿಟ್ಟವರು ನೇರ ಅಲ್ಲಿಗೆ ಹೋಗಿ, ಉದ್ದನೆಯ ಮರದ ಹಾಸಿನ ಮೇಲೆ ಚೆಂಡು ಉರುಳಿಸಿ, ಆ ತುದಿಯಲ್ಲಿ ನಿಲ್ಲಿಸಿದ ಸೀಸೆಯಾಕಾರದ ಹತ್ತು ಪಿನ್ನುಗಳನ್ನು ಕೆಡವಿ, ದಿನದ ಸಿಟ್ಟನ್ನೆಲ್ಲ ಅಲ್ಲೇ ಬಿಟ್ಟು ಮನೆಗೆ ಹೋಗುತ್ತಾರೆ. ತಂಗಿಗಾಗಿ ಅಕ್ಕ ತಾನೇ ಒಂದು ಕರಿ ಚೆಂಡು ಆರಿಸಿ ಕೊಡಿಸಿದ್ದಳು. ಅಂಗಡಿಯಲ್ಲಿದ್ದ ಅತಿ ಭಾರದ ಚೆಂಡು. "ಭಾರ ಇದ್ರೆ ತಾನೇ ಪಿನ್ನು ಹೆದರೋದು!"

ಪಿನ್ನು ಹೆದರಿತೋ ಇಲ್ಲವೋ, ಚಿಕ್ಕಮ್ಮ ಹೆದರಿದಳು.

ಕಳೆದ ಪಂದ್ಯದ ಕೊನೆಯ ಆಟ. ತೋಳು ಹಿಂದಕ್ಕೆ ಬೀಸಿದಾಗ, ಬೆರಳು ತೂರಿಸಿ ಹಿಡಿಯುವ ತೂತಿನಿಂದ ಹೆಬ್ಬೆರಳು ಜಾರಿ ಚೆಂಡು ಹಿಂದಕ್ಕೇ ಹಾರಿತು. ಅಲ್ಲಿ ಬೆಂಚಿನ ಮೇಲೆ ಭಾವ ಕೂತಿದ್ದ. ಅಕ್ಕನ ಗಂಡ. ಪಾರ್ಶ್ವವಾಯು ಬಡಿದು ಒಂದು ಕಾಲು ಎಳೆದುಕೊಂಡು ನಡೆಯುವವನು. ತಂಡದ ಒಂದು ಆಟವನ್ನೂ ತಪ್ಪಿಸದವನು. ಚೆಂಡು ಬಡಿದು ಅವನ ಊರುಗೋಲು ಎರಡು ತುಂಡಾಯಿತು. ಅವನ ಪಾದ ಅಲ್ಲಿಂದ ಒಂದು ಗೇಣು ಆಚೆಗಿತ್ತು.

"ಹೋಯ್ತಲ್ಲಮ್ಮ ನನ್ನ ಮೂರನೇ ಕಾಲು!" ಎಂದು ಭಾವ ನಕ್ಕುಬಿಟ್ಟ. ಎಲ್ಲರೂ ನಕ್ಕರು. ಚಿಕ್ಕಮ್ಮನ ಕಿವಿಯಲ್ಲಿ ಮಾತ್ರ ಮರ ಮುರಿದ ಸದ್ದು ಹಾಗೇ ಉಳಿಯಿತು. ಆ ಒಂದು ಗೇಣು ಅವಳ ನಿದ್ದೆಯೊಳಗೆ ದಿನದಿನಕ್ಕೆ ಸಣ್ಣದಾಗುತ್ತಾ ಬಂತು.

"ಬಿಗಿಯಾಗಿ ಹಿಡಿಯೇ, ಬೇರೇನಿಲ್ಲ" ಎಂದಳು ಅಕ್ಕ. ಚಿಕ್ಕಮ್ಮ ಬಿಗಿಯಾಗಿ ಹಿಡಿದಳು. ಗೆಣ್ಣು ಬೆಳ್ಳಗಾಗುವಷ್ಟು ಹಿಡಿದಳು. ಚೆಂಡು ಒಂದು ಪಿನ್ನನ್ನೂ ಮುಟ್ಟದೆ ಹಾಸಿನ ಅಂಚಿನ ಕಾಲುವೆಗೆ ಬಿತ್ತು. ಮನೆಯಲ್ಲಿ ಸೋಪಿನ ನೀರಿನ ಡಬ್ಬ ಹಿಡಿದು, ಬೆನ್ನ ಹಿಂದೆ ಗೋಡೆಯಿರುವಂತೆ ನಿಂತು, ತೋಳನ್ನು ಗಡಿಯಾರದ ಲೋಲಕದಂತೆ ಬೀಸುವುದನ್ನು ಅಭ್ಯಾಸ ಮಾಡಿದಳು. ಗೋಡೆಗೆ ನೋವಾಗುವುದಿಲ್ಲವಲ್ಲ.

ಕೊನೆಗೆ ಒಂದು ರಜೆಯ ಬೆಳಿಗ್ಗೆ, ಅಕ್ಕನಿಗೆ ಹೇಳದೆ, ಚೆಂಡಿಗೆ ತೂತು ಕೊರೆಯುವವನ ಅಂಗಡಿಗೆ ಹೋದಳು. ಅವನು ಕರಿ ಚೆಂಡನ್ನು ಮೇಜಿನ ಮೇಲಿಟ್ಟು, "ಹೆಬ್ಬೆರಳು ಹಾಕಿ" ಎಂದ. ಬೆರಳು ತೂತಿನಲ್ಲಿ ಗಂಟೆಯ ನಾಲಗೆಯಂತೆ ಅಲ್ಲಾಡಿತು.

"ಇದು ನಿಮ್ಮ ಕೈಯೇನಾ? ನಾನೇ ಅಳತೆ ತಗೊಂಡಿದ್ದು, ಆಗ ಸರಿಯಾಗಿತ್ತು."

"ನನ್ನದೇ. ಕೆಲಸ ಮುಗಿಸ್ಕೊಂಡು ಬಂದಿದ್ದೆ ಅವತ್ತು."

"ಏನ್ ಕೆಲಸ?"

"ಆವಿ ಪ್ರೆಸ್ಸು."

ಅವನು ಹಣೆ ಚಚ್ಚಿಕೊಂಡ. "ಅಯ್ಯೋ, ಆವಿಗೆ ಊದಿದ ಕೈ ಅಳೆದುಬಿಟ್ಟೆ! ನಿಮ್ಮ ಲಾಂಡ್ರಿಯವರೆಲ್ಲ ಸಂಜೇನೇ ಬರ್ತೀರಿ. ಆ ಹಾಲ್‌ನ ತಣ್ಣನೆ ಗಾಳಿಗೆ ಕೂತ್ರೆ ಊತ ಇಳಿಯುತ್ತೆ. ಬೆರಳು ಸಣ್ಣಗಾಗುತ್ತೆ, ತೂತು ಆಗಲ್ಲ. ಮೊದಲ ಆಟ ಚೆನ್ನಾಗಿರುತ್ತೆ, ಕೊನೇದು ಕೈಕೊಡುತ್ತೆ. ಹೌದೋ ಅಲ್ವೋ?"

ಹೌದು. ಕೊನೆಯ ಆಟವೇ.

"ಅದಕ್ಕೇ ನಾನು ಇನ್ನಷ್ಟು ಬಿಗಿ ಹಿಡೀತಿದ್ದೆ."

"ಬಿಗಿ ಹಿಡಿದ್ರೆ ತೋಳು ಸೆಟೆದುಕೊಳ್ಳುತ್ತೆ. ಚೆಂಡನ್ನ ನೀವು ಹಿಡೀಬಾರದು, ತೂತು ನಿಮ್ಮನ್ನ ಹಿಡೀಬೇಕು. ಇಷ್ಟು ಭಾರ ನಿಮಗ್ಯಾಕೆ?" ಮೂಲೆಯಲ್ಲಿದ್ದ ಹಗುರವಾದ, ಬಣ್ಣ ಮಾಸಿದ ಕೆಂಪು ಚೆಂಡನ್ನು ಎತ್ತಿ, ಊದಿದ ಬೆರಳೂ ಹೋಗುವಂತೆ ಕೊಂಚ ಅಗಲವಾಗಿ ಕೊರೆದುಕೊಟ್ಟ. ಜೊತೆಗೆ ಒಂದು ಸುರುಳಿ ಅಂಟುಪಟ್ಟಿ. "ಕೈ ಇಳಿದ ಹಾಗೆ ತೂತಿನ ಒಳಗೋಡೆಗೆ ಒಂದೊಂದೇ ತುಂಡು ಅಂಟಿಸಿ. ಮರೀಬೇಡಿ."

ಈ ಸಂಜೆ ಮತ್ತೆ ಪಂದ್ಯ. ಕೆಂಪು ಚೆಂಡು ಬೆಂಚಿನ ಕೆಳಗೆ ಬಟ್ಟೆ ಚೀಲದಲ್ಲಿದೆ. ಅಕ್ಕನಿಗೆ ಹೇಳಲು ಬಾಯಿ ಬಂದಿಲ್ಲ. ಕರಿ ಚೆಂಡಿನಲ್ಲೇ ಆಟ ಶುರುವಾಯಿತು, ಸುಮಾರಾಗಿ ಸಾಗಿತು. ಈಗ ಕೊನೆಯ ಆಟ, ಅವಳ ಸರದಿ. ತೂತಿನೊಳಗೆ ಬೆರಳಿಟ್ಟಳು. ಸುತ್ತ ತಣ್ಣನೆಯ ಸಂದು ತಾಗಿತು.

ಹಿಂದೆ ಭಾವ, ಹೊಸ ಊರುಗೋಲು, ಅದೇ ಬೆಂಚು.

"ಭಾವ, ಸ್ವಲ್ಪ ಆಚೆ ಕೂತ್ಕೊಳ್ಳಿ."

"ಯಾಕೆ? ನಾನು ಎದ್ರೆ ಈ ಜಾಗದಲ್ಲಿ ನಿನ್ನ ಭಯ ಕೂತ್ಕೊಳ್ಳುತ್ತೆ. ಅದಕ್ಕಿಂತ ನಾನೇ ವಾಸಿ."

ಚಿಕ್ಕಮ್ಮ ಕರಿ ಚೆಂಡನ್ನು ಕೆಳಗಿಟ್ಟಳು. ಬಗ್ಗಿ ಚೀಲ ಎಳೆದಳು. ಅಂಟುಪಟ್ಟಿಯ ಒಂದು ತುಂಡು ಹರಿದು ಕೆಂಪು ಚೆಂಡಿನ ತೂತಿನೊಳಗೆ ಅಂಟಿಸಿದಳು.

"ಏನೇ ಅದು?" ಅಕ್ಕ ಬಂದಳು. "ಚೆಂಡಿಗೆ ಗಾಯ ಆಗಿದೆಯಾ, ಪಟ್ಟಿ ಹಾಕ್ತಿದ್ದೀಯಾ? ಈ ಮಕ್ಕಳಾಟಿಕೆ ಎಲ್ಲಿಂದ ತಂದೆ?"

"ನಿನ್ನ ಚೆಂಡು ನನ್ನ ಕೈಗೆ ದೊಡ್ಡದು ಅಕ್ಕ. ಇನ್ಮೇಲೆ ಅದನ್ನ ಮುಟ್ಟಲ್ಲ."

"ನಾನು ಆರಿಸಿಕೊಟ್ಟಿದ್ದು ಕಣೇ! ಊರಿಗೆಲ್ಲ ತೋರಿಸಿ ಕೊಡಿಸಿದ್ದು!"

"ಗೊತ್ತು. ಭಾವನ ಕಾಲು ಮುರಿದ್ರೆ ಇನ್ನೊಂದನ್ನ ನೀನು ಆರಿಸಿ ಕೊಡಿಸೋಕಾಗಲ್ಲ."

ಭಾವ ಕೆಮ್ಮಿ ನಗು ನುಂಗಿದ. ಚಿಕ್ಕಮ್ಮ ಹೆಬ್ಬೆರಳನ್ನು ತೂತಿಗಿಟ್ಟಳು. ಇನ್ನೂ ಒಂದು ಕೂದಲೆಳೆ ಸಡಿಲ. ಮತ್ತೊಂದು ತುಂಡು ಅಂಟಿಸಿದಳು. ಈಗ ಚೆಂಡೇ ಬೆರಳನ್ನು ಹಿಡಿದುಕೊಂಡಿತು. ಭಯ ಹೋಗಿರಲಿಲ್ಲ, ಬೆನ್ನಿನ ನಡುವೆ ತಣ್ಣೀರ ಹನಿಯಂತೆ ಇಳಿಯುತ್ತಲೇ ಇತ್ತು.

"ನೋಡು," ಅಕ್ಕ ಬಿಡಲಿಲ್ಲ, "ಈ ಗೋಲಿ ಹಿಡ್ಕೊಂಡು ಸೋತರೆ ನಾಳೆ ಲಾಂಡ್ರಿಯಲ್ಲಿ ಯಾರ ಮುಖ..."

ಚಿಕ್ಕಮ್ಮ ಆಗಲೇ ಮರದ ಹಾಸಿನ ಕಡೆಗೆ ನಡೆದಿದ್ದಳು, ಹಿಂದಿರುಗಿ ನೋಡದೆ.