ಗಾಜಿನಲ್ಲಿ ಎಣ್ಣೆ ವಾಸನೆ

ಗಾಜಿನ ಸ್ಲೈಡ್ ಮೂಸಿ ನೋಡಿ ಒಂದು ಹುಡುಗಿಯ ಕಾಲು ಉಳಿಸಿದವನು ನಾನು. ನಂಬಬೇಡಿ, ನೋಡೋಣ! ಎಷ್ಟು ಹೊತ್ತು ನಂಬದೆ ಕೂರುತ್ತೀರೋ ನಾನೂ ನೋಡಿಯೇ ಬಿಡುತ್ತೇನೆ.

ಮೂಳೆಯಲ್ಲಿ, ಮಾಂಸದಲ್ಲಿ ಅಪರೂಪಕ್ಕೆ ಏಳುವ ಗಡ್ಡೆಗಳ ಚೂರನ್ನು ಮೈಕ್ರೋಸ್ಕೋಪಿನ ಕೆಳಗಿಟ್ಟು, ಕ್ಯಾನ್ಸರ್ ಹೌದೋ ಅಲ್ಲವೋ ಎಂದು ಹೇಳುವುದು ನನ್ನ ಕೆಲಸ. ರೋಗಿಗಳು ನನ್ನ ಮುಖ ನೋಡುವುದೇ ಇಲ್ಲ. ಇಷ್ಟು ಚೆಂದದ ಮುಖ, ಅವರಿಗೇ ನಷ್ಟ. ಹೆಬ್ಬಾಳದಿಂದ ಯಶವಂತಪುರದವರೆಗೆ ಯಾವ ಡಾಕ್ಟರಿಗೆ ಗಡ್ಡೆಯ ತಲೆಬುಡ ತಿಳಿಯದಿದ್ದರೂ ಅದು ಕೊನೆಗೆ ಬಂದು ಬೀಳುವುದು ನನ್ನ ಮೇಜಿನ ಮೇಲೆಯೇ.

ಒಂದು ಬೆಳಿಗ್ಗೆ ಕ್ಯಾಂಟೀನಿನಿಂದ ತಂದ ಬೋಂಡ ತಿನ್ನುತ್ತಾ ಕೂತಿದ್ದೆ. ನನ್ನ ಹಳೇ ಶಿಷ್ಯ, ಈಗ ದೊಡ್ಡ ಮೂಳೆ ಸರ್ಜನ್, ಸ್ಲೈಡುಗಳ ಡಬ್ಬಿ ತಂದಿಟ್ಟ. ಮತ್ತಿಕೆರೆಯಲ್ಲಿ ಓದುವ ಕಬಡ್ಡಿ ಹುಡುಗಿಯದು. ತೊಡೆಯಲ್ಲಿ ಗಡ್ಡೆ. ಬೇರೆ ಲ್ಯಾಬಿನವರು ಮೂಳೆ ಕ್ಯಾನ್ಸರ್ ಎಂದು ಬರೆದಿದ್ದರು.

"ಸಾರ್, ನೀವೂ ಹೂಂ ಅಂದ್ರೆ ಈ ವಾರನೇ ಆಪರೇಷನ್. ಕಾಲು ಉಳಿಯೋದು ಡೌಟು."

"ನಾನು ಹೂಂ ಅನ್ನೋದು ನಮ್ಮನೆಯವಳಿಗೆ ಮಾತ್ರ ಕಣೋ."

ನೋಡಿದೆ. ಗಡ್ಡೆಯ ನಡುವೆ ಜೀವಕೋಶಗಳು ರೌಡಿಗಳ ಹಾಗೆ ನುಗ್ಗಾಡುತ್ತಿದ್ದವು. ಮೊದಲ ಲ್ಯಾಬಿನವರು ಹೆದರಿದ್ದು ಅದಕ್ಕೇ. ಆದರೆ ಅಂಚಿನ ಕಡೆ ಹೋದರೆ ಅಚ್ಚುಕಟ್ಟಾಗಿ ಬಲಿತ ಮೂಳೆ! ಕ್ಯಾನ್ಸರಿನ ಗುಣ ಇದಕ್ಕೆ ಪೂರಾ ಉಲ್ಟಾ. ಪೆಟ್ಟು ಬಿದ್ದ ಮಾಂಸವನ್ನು ಚೆನ್ನಾಗಿ ಉಜ್ಜಿದರೆ ಒಮ್ಮೊಮ್ಮೆ ಅದು ತನ್ನ ಪಾಡಿಗೆ ಮೂಳೆ ಕಟ್ಟಿಕೊಳ್ಳುತ್ತದೆ. ತಟ್ಟೆಯಲ್ಲಿದ್ದ ಬೋಂಡ ಮುರಿದು ಅವನ ಮೂಗಿನ ಮುಂದೆ ಹಿಡಿದೆ.

"ಏನ್ ಕಾಣ್ತಿದೆ?"

"ಹೊರಗೆ ಬೆಂದಿದೆ, ಒಳಗೆ ಹಸಿ ಹಿಟ್ಟು."

"ಆ ತೊಡೇಲಿರೋದೂ ಇದೇ ಮಗಾ. ಬೋಂಡ ಅದು, ಕ್ಯಾನ್ಸರ್ ಅಲ್ಲ. ಪೆಟ್ಟು ಬಿದ್ದು ಆಗಿರೋದು, ಕೆಲವು ವಾರ ಕಾದು ನೋಡು."

"ಪೆಟ್ಟೇ ಬಿದ್ದಿಲ್ವಂತೆ ಸಾರ್! ಅವರಜ್ಜಿ ಆಣೆ ಇಟ್ಟು ಹೇಳಿದ್ರು. ಪೆಟ್ಟಿಲ್ಲ ಅಂದ್ಮೇಲೆ ನಾನು ಕಾಯಲ್ಲ."

ನಾಟಿ ವೈದ್ಯರ ಹತ್ತಿರ ಹೋಗಿ ಬಂದವರ ಮೇಲೆ ಇವನು ಹೇಗೆ ಹಾರಾಡುತ್ತಾನೆಂದು ಇಡೀ ಯಲಹಂಕಕ್ಕೇ ಗೊತ್ತು. ಅಜ್ಜಿ ಆ ಹೆದರಿಕೆಗೇ ಏನೋ ಮುಚ್ಚಿಟ್ಟಿರಬೇಕು. ಅಜ್ಜಿಯನ್ನೂ ಮೊಮ್ಮಗಳನ್ನೂ ಕರೆಸಿದೆ. ಒಂದು ಸ್ಲೈಡ್ ತೆಗೆದು ಮೂಗಿಗೆ ಹಿಡಿದು ಉದ್ದಕ್ಕೆ ಉಸಿರೆಳೆದೆ. ಸ್ಲೈಡಿಗೆ ಎಣ್ಣೆ ವಾಸನೆ ಎಲ್ಲಿಂದ ಬರಬೇಕು? ಅದು ಅಜ್ಜಿಗೆ ಗೊತ್ತಿಲ್ಲ ಅಷ್ಟೇ.

"ಎಳ್ಳೆಣ್ಣೆ ವಾಸನೆ ಬರ್ತಿದೆಯಲ್ಲಮ್ಮಾ!"

ಅಜ್ಜಿ ಸೆರಗು ಬಾಯಿಗಿಟ್ಟುಕೊಂಡರು. "ಅಯ್ಯೋ ನನ್ನಪ್ಪಾ, ಗಾಜಲ್ಲೂ ಗೊತ್ತಾಯ್ತದಾ? ಎಳ್ಳೆಣ್ಣೆ ಅಲ್ಲ ಸ್ವಾಮಿ, ಅರಳೆಣ್ಣೆ. ಆಟದಲ್ಲಿ ಯಾವಳೋ ತೊಡೆಗೆ ಮಂಡೀಲಿ ಗುದ್ದುದ್ಲು. ಗೊರಗುಂಟೆಪಾಳ್ಯದತ್ರ ಒಬ್ರು ಉಳುಕು ತೆಗೀತಾರೆ, ಅಲ್ಲಿಗೆ ಓಗಿದ್ವಿ. ಇಂಗೆ ಇಟ್ಟು ನಾದ್ದಂಗೆ ನಾದುದ್ರು."

"ಬೇಡ ಅಂತ ಬಡ್ಕೊಂಡೆ ಅಜ್ಜಿ ನಾನು!" ಎಂದಳು ಹುಡುಗಿ.

ಸರ್ಜನ್ ಹಾರಾಡಲು ಬಾಯಿ ತೆರೆದ. ಮಿಕ್ಕಿದ್ದ ಬೋಂಡವನ್ನು ಅದರೊಳಗೆ ತುರುಕಿದೆ. ಕಾಯಲು ಒಪ್ಪಿದ. ಕೆಲವು ವಾರ ಬಿಟ್ಟು ಸ್ಕ್ಯಾನ್ ಮಾಡಿಸಿದರೆ ಗಡ್ಡೆಯ ಸುತ್ತ ಮೊಟ್ಟೆಯ ಚಿಪ್ಪಿನಂಥ ಮೂಳೆ. ಕ್ಯಾನ್ಸರ್ ಇಲ್ಲ, ಆಪರೇಷನ್ನೂ ಇಲ್ಲ.

ಮುಂದಿನ ವರ್ಷ ಆ ಹುಡುಗಿ ಲ್ಯಾಬಿಗೆ ಬಂದಳು. ನನ್ನೆದುರು ನಿಂತು ಅದೇ ತೊಡೆಯನ್ನು ಪಟಾರನೆ ತಟ್ಟಿ, "ಬನ್ನಿ ಡಾಕ್ಟ್ರೇ, ಕಬಡ್ಡಿ ಒಂದು ರೈಡ್ ಆಗೋಗ್ಲಿ!" ಎಂದಳು. ನಾನು ಮೈಕ್ರೋಸ್ಕೋಪಿನ ಹಿಂದೆ ಅವಿತೆ.

ಇದರಲ್ಲಿ ಒಂದೇ ಒಂದು ಸುಳ್ಳಿದೆ. ವಾಸನೆ ಅಂದುಕೊಂಡಿರಾ? ಅದು ಅಜ್ಜಿಗೆ ಹೇಳಿದ್ದು, ನಿಮಗಲ್ಲ. ಸುಳ್ಳು ಬೋಂಡದ್ದು. ಅವತ್ತು ನನ್ನ ತಟ್ಟೆಯಲ್ಲಿದ್ದದ್ದು ಇಡ್ಲಿ. ಹಾಳಾದ್ದು ಒಳಗೂ ಹೊರಗೂ ಒಂದೇ ಸಮ ಬೆಂದಿತ್ತು. ಅದನ್ನು ಮುರಿದು ನಾನು ಏನು ತೋರಿಸಲಿ?