ಇನ್ನೊಬ್ರು ಬರಬೇಕು

ಆ ಭಾನುವಾರ ಬೆಳಿಗ್ಗೆಯೂ ರೊಟ್ಟಿ ಬಡಿದಿಟ್ಟು, ಮಕ್ಕಳ ತಲೆ ಬಾಚಿ, ಬೈಲಹೊಂಗಲದ ನಮ್ಮ ಚರ್ಚಿಗೆ ಹೊರಟೆ. ಸಂಡೇ ಸ್ಕೂಲಿನ ಅಕ್ಕೋರು ಎಂದಿನಂತೆ ಬಾಗಿಲಲ್ಲಿ ನಿಂತು ಹುಡುಗರ ಕಾಲರ್ ಸರಿಮಾಡುತ್ತಿದ್ದರು. ಯಾರಾದರೂ ತಡವಾಗಿ ಬರುವುದು ಕಂಡರೆ, "ತಡೀರಿ, ಇನ್ನೊಬ್ರು ಬರಬೇಕು" ಎಂದು ಪ್ರಾರ್ಥನೆಯನ್ನೇ ನಿಲ್ಲಿಸುವವರು ಅವರು.

ಹತ್ತನೇ ತರಗತಿ ಮುಗಿಸಿದ ಮಕ್ಕಳನ್ನು ಫಲಿತಾಂಶ ಬಂದ ವಾರ ಮುಂದೆ ಕರೆದು, ಮೊಣಕಾಲೂರಿಸಿ, ತಲೆಯ ಮೇಲೆ ಕೈಯಿಟ್ಟು ಆಶೀರ್ವದಿಸುವುದು ನಮ್ಮ ಸಭೆಯ ಪದ್ಧತಿ. ಅಂದು ಸಭೆಯ ಹಿರಿಯರು, "ಪಾಸಾದವರಷ್ಟ ಬರ್ರಿ" ಎಂದುಬಿಟ್ಟರು. ಗಣಿತದಲ್ಲಿ ಫೇಲಾದ ಹುಡುಗಿಯೊಬ್ಬಳು ಹಿಂದಿನ ಬೆಂಚಿನಲ್ಲಿ ದುಪಟ್ಟಾದ ಅಂಚನ್ನು ಬೆರಳಿಗೆ ಸುತ್ತುತ್ತ ಕೂತೇ ಇದ್ದಳು. ಶಾಲೆ ಬಿಡಿಸುತ್ತೇನೆಂದು ಅವಳಪ್ಪ ಆಗಲೇ ಹೇಳಿದ್ದ. ನನಗೆ ಮೈ ಉರಿಯಿತು. ದೇವರ ಮನೆಯಲ್ಲೂ ಅಂಕಪಟ್ಟಿ ತೋರಿಸಬೇಕೇ?

ಅಕ್ಕೋರು ಹೋಗಿ ಅವಳ ಕೈಹಿಡಿದು ಎಲ್ಲರ ನಡುವೆ ಕರೆತಂದರು.

"ತಡೀರಿ, ಇನ್ನೊಬ್ರು ಬರಬೇಕು."

"ಅಕಿ ಫೇಲಾಗ್ಯಾಳ್ರಿ, ಅಕ್ಕೋರ," ಎಂದರು ಹಿರಿಯರು.

"ಹೌದ್ರಿ, ಅದಕ್ಕ, ಮೊದಲ ಅಕಿ ತಲಿ ಮ್ಯಾಲ ಕೈ ಇಡ್ರಿ. ಮತ್ತ ಪರೀಕ್ಷಾಕ್ಕ ಕೂಡಾಕಿ ಅದಾಳ." ಆಮೇಲೆ ಅವಳಪ್ಪನ ಕಡೆ ತಿರುಗಿ, "ಕೇಳಿದ್ರಿಲ್ಲೋ?" ಎಂದು ಗದರಿದರು.

ಹಿರಿಯರು ಕೈಯಿಟ್ಟರು. ಅವಳಪ್ಪ ಮಾತ್ರ ಮುಖ ತಿರುಗಿಸಿ ಹೊರಗೆ ನಡೆದ.

ಸಂಜೆ ಪಕ್ಕದ ಮನೆಯಾಕೆಗೆ ಇದನ್ನೆಲ್ಲ ಸಿಟ್ಟಿನಿಂದಲೇ ಹೇಳಿದೆ. ಆಕೆ ಮೆಂತ್ಯಪಲ್ಲೆಯ ಎಲೆ ಬಿಡಿಸುತ್ತ, ತಲೆಯನ್ನೂ ಎತ್ತದೆ ಅಂದಳು: "ಫೇಲಾಗಿದ್ದ ಚಲೋ ಆತ ಬಿಡ್ರಿ, ಅವರವ್ವಗ ಮನಿಗೆಲಸಕ್ಕ ಒಂದ ಕೈ ಸಿಕ್ಕಂಗಾತು."